ತೇವಾಂಶ ಸೆನ್ಸರ್ ಅಂಕಿ ಕುಣಿಯುತ್ತಿದೆಯಾ? ಹೊಸದು ಕೊಳ್ಳುವ ಮೊದಲು ಇಷ್ಟು ನೋಡಿ

ಬೆಳಿಗ್ಗೆ ನೀರು ಬಿಟ್ಟ ಸಾಲು. ಮೊಬೈಲ್‌ನಲ್ಲಿ ತೇವಾಂಶದ ಅಂಕಿ 1800. ಮರುಕ್ಷಣ 2600, ಆಮೇಲೆ 1500. ಮಣ್ಣು ಇಷ್ಟು ಬೇಗ ಒಣಗಿ ಮತ್ತೆ ನೆನೆಯುತ್ತದೆಯೇ? ಇಲ್ಲ. ಕುಣಿಯುತ್ತಿರುವುದು ಮಣ್ಣಲ್ಲ, ವೈರಿನಲ್ಲಿ ಬರುವ ಸಿಗ್ನಲ್. ಇದನ್ನೇ ನಾಯ್ಸ್ ಅನ್ನೋದು.

ಮಾರತ್ತಹಳ್ಳಿಯಲ್ಲಿ ನನ್ನದು ಸಣ್ಣ ಎಲೆಕ್ಟ್ರಾನಿಕ್ಸ್ ರಿಪೇರಿ ಕೆಲಸ. ವರ್ತೂರು, ಸರ್ಜಾಪುರ, ಹೊಸಕೋಟೆ ಕಡೆಯ ಹುಡುಗರು ಇಎಸ್‌ಪಿ32 ಬೋರ್ಡು, ಕೆಪಾಸಿಟಿವ್ ಸೆನ್ಸರ್ ಹಿಡಿದು ಬರುತ್ತಾರೆ. "ಅಣ್ಣಾ, ಸೆನ್ಸರ್ ಹೋಗಿದೆ, ಬೇರೆ ಹಾಕ್ಲಾ?" ನನ್ನ ಮೇಜಿನ ಮೇಲೆ ಎಷ್ಟೋ ಸಲ ಅದೇ ಸೆನ್ಸರ್ ನೆಟ್ಟಗೆ ಓದುತ್ತದೆ. ಅಂದರೆ ತೊಂದರೆ ಇರೋದು ತೋಟದಲ್ಲಿ. ಡ್ರಿಪ್ ಮೋಟಾರನ್ನು ಈ ಅಂಕಿಯ ಕೈಗೆ ಕೊಟ್ಟಿದ್ದರೆ ಬೋರ್‌ವೆಲ್ ನೀರು ವ್ಯರ್ಥ, ಇಲ್ಲವೇ ಟೊಮೆಟೊ ಬಾಡುತ್ತದೆ. ಹಾಗಾಗಿ ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿ.

ಮೋಟಾರ್: ತ್ರೀ ಫೇಸ್ ಕರೆಂಟ್ ಇಲ್ಲದ ಹೊತ್ತಿನಲ್ಲಿ ಹತ್ತು ನಿಮಿಷ, ಮೋಟಾರ್ ಓಡುವಾಗ ಹತ್ತು ನಿಮಿಷ ಅಂಕಿ ಬರೆದುಕೊಳ್ಳಿ. ಮೋಟಾರ್ ಓಡುವಾಗ ಮಾತ್ರ ಕುಣಿದರೆ ಕಳ್ಳ ಸಿಕ್ಕಂತೆ.

ಕರೆಂಟ್ ಮೂಲ: ಅಗ್ಗದ ಅಡಾಪ್ಟರ್ ತೆಗೆದು ಪವರ್ ಬ್ಯಾಂಕ್ ಹಾಕಿ. ಅಂಕಿ ನಿಂತರೆ ಅಡಾಪ್ಟರ್ ಬದಲಿಸಿ.

ಬೋರ್ಡು: ಸೆನ್ಸರ್ ಕಿತ್ತು ಪಿನ್ ಖಾಲಿ ಬಿಟ್ಟರೆ ಅಂಕಿ ಹೇಗೂ ಕುಣಿಯುತ್ತೆ, ಅದನ್ನು ನಂಬಬೇಡಿ. 3.3 ವೋಲ್ಟ್ ಮತ್ತು ಗ್ರೌಂಡ್ ನಡುವೆ 10 ಕಿಲೋಓಮ್‌ನ ಎರಡು ರೆಸಿಸ್ಟರ್ ಸಾಲಾಗಿ ಹಾಕಿ, ನಡುವಿನ ತುದಿಯನ್ನು ಪಿನ್‌ಗೆ ಕೊಡಿ. ಅಂಕಿ 4095ರ ಅರ್ಧದ ಆಸುಪಾಸು ನಿಂತರೆ ಬೋರ್ಡು ಸರಿಯಿದೆ. ವೈಫೈ ಬಳಸುವವರು ಸೆನ್ಸರನ್ನು 32ರಿಂದ 39ರೊಳಗಿನ ಪಿನ್‌ಗೇ ಕೊಡಿ. ಎಡಿಸಿ2 ಗುಂಪಿನ ಪಿನ್‌ಗಳು ವೈಫೈ ನಡೆಯುವಾಗ ಓದಲು ಬರುವುದಿಲ್ಲ.

ವೈರು: ಒದ್ದೆ ಮಣ್ಣಿನ ಡಬ್ಬಿಯಲ್ಲಿ ಸೆನ್ಸರ್ ಇಟ್ಟು ಗೇಣುದ್ದ ವೈರಿನಲ್ಲಿ ಜೋಡಿಸಿ. ಆಗ ಶಾಂತವಾದರೆ ತಪ್ಪು ಉದ್ದ ವೈರಿನದು.

ಈಗ ಪರಿಹಾರ. ಸೆನ್ಸರ್ ವೈರನ್ನು ಮೋಟಾರ್ ಕೇಬಲ್ ಜೊತೆ ಒಂದೇ ಪೈಪಿನಲ್ಲಿ ಎಳೆಯಬೇಡಿ. ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಿ. ಶೀಲ್ಡ್ ಇರುವ ಕೇಬಲ್ ತಂದರೆ, ಅದರ ಶೀಲ್ಡನ್ನು ಬೋರ್ಡಿನ ಕಡೆ ಮಾತ್ರ ಗ್ರೌಂಡ್‌ಗೆ ಸೇರಿಸಿ, ಎರಡೂ ಕಡೆ ಬೇಡ. ಪಿನ್ ಮತ್ತು ಗ್ರೌಂಡ್ ನಡುವೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಅದರ ಮೇಲೆ 104 ಅಂತ ಬರೆದಿರುತ್ತೆ, ಎಸ್.ಪಿ. ರಸ್ತೆಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತೆ. ದೂರ ತುಂಬಾ ಇದ್ದರೆ ಬೋರ್ಡನ್ನೇ ಸೆನ್ಸರ್ ಪಕ್ಕಕ್ಕೆ ಒಯ್ದು ವೈಫೈ ಮೂಲಕ ಕಳಿಸಿ, ಇಲ್ಲವೇ 4–20 ಮಿಲಿಆಂಪ್ ಸೆನ್ಸರ್ ಬಳಸಿ. ಸೆನ್ಸರಿನ ತಲೆಯ ಮೇಲಿರುವ ಬಿಡಿಭಾಗಗಳಿಗೆ ನೀರು ತಾಗದಂತೆ ಎಪಾಕ್ಸಿ ಬಳಿಯಿರಿ. ಸ್ಟಾರ್ಟರ್ ಪೆಟ್ಟಿಗೆ ಹತ್ತಿರ ಕೈಹಾಕುವ ಮೊದಲು ಮೇನ್ ಆಫ್ ಮಾಡಲೇಬೇಕು.

ಪ್ರೋಗ್ರಾಂ ತಿದ್ದುವುದು ಕೊನೆಗೆ. ಸುಮಾರು ಜನ ಮೊದಲೇ ಸರಾಸರಿ ತೆಗೆದು ಕೂರುತ್ತಾರೆ. ಹತ್ತು ಓದಿನಲ್ಲಿ ಒಂಬತ್ತು 2000, ಒಂದು 4095 ಬಂದರೆ ಸರಾಸರಿ 2209 ದಾಟುತ್ತದೆ. ಓದುಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನದನ್ನು ತೆಗೆದುಕೊಂಡರೆ 2000 ಸಿಗುತ್ತೆ. ಅದೇ ಮೀಡಿಯನ್. ಮೇಲಾಗಿ, ಐದು ನಿಮಿಷ ಬಿಡದೆ 'ಒಣಗಿದೆ' ಅಂತ ಬಂದರೆ ಮಾತ್ರ ಮೋಟಾರ್ ಹತ್ತುವಂತೆ ಬರೆಯಿರಿ.

ಅಂಕಿ ನಿಂತ ಮೇಲೆ ನಿಮ್ಮದೇ ಹೊಲದ ಒಣ ಮಣ್ಣಿನಲ್ಲಿ ಒಂದು, ಚೆನ್ನಾಗಿ ನೆನೆದ ಮಣ್ಣಿನಲ್ಲಿ ಒಂದು ಓದು ಬರೆದಿಡಿ. ಈ ಸೆನ್ಸರಿನಲ್ಲಿ ತೇವ ಹೆಚ್ಚಿದಷ್ಟೂ ಅಂಕಿ ಇಳಿಯುತ್ತದೆ, ನೆನಪಿರಲಿ. ಮೊದಲ ವಾರ ಮೋಟಾರನ್ನು ಕೈಯಲ್ಲೇ ನಡೆಸಿ. ದಿನಾ ಬುಡದ ಮಣ್ಣನ್ನು ಹಿಡಿದು ಉಂಡೆ ಕಟ್ಟಿ ನೋಡಿ, ಮೊಬೈಲಿನ ಅಂಕಿಗೂ ಅದಕ್ಕೂ ತಾಳೆಯಾದ ಮೇಲೆ ಆಟೋ ಹಾಕಿ.