ನಿಮಗಿದು ಗೊತ್ತೇ? ಉಣ್ಣೆಯ ಮೂಟೆಯಿಂದ ಊರು ಎಬ್ಬಿಸಿದ ಟೈಟಸ್ ಸಾಲ್ಟ್

ಸಾಲ್ಟೇರ್ ಎಂಬ ಊರಿನ ಹೆಸರಲ್ಲಿ ಒಬ್ಬ ಮನುಷ್ಯನೂ ಒಂದು ನದಿಯೂ ಸೇರಿಕೊಂಡಿದ್ದಾರೆ. ಮನುಷ್ಯ ಟೈಟಸ್ ಸಾಲ್ಟ್, ನದಿ ಏರ್. ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ, ಬ್ರಾಡ್‌ಫರ್ಡ್ ಪಟ್ಟಣದ ಹೊರವಲಯದಲ್ಲಿ ಈ ಊರು ಇವತ್ತಿಗೂ ಜನವಸತಿಯಿಂದ ತುಂಬಿದೆ.

ಸಾಲ್ಟ್ ಹುಟ್ಟಿದ್ದು 1803ರ ಸೆಪ್ಟೆಂಬರ್ 20ರಂದು, ಲೀಡ್ಸ್ ಹತ್ತಿರದ ಮಾರ್ಲಿಯಲ್ಲಿ. ಅಪ್ಪ ಡೇನಿಯಲ್ ಉಣ್ಣೆ ವ್ಯಾಪಾರಿ. ರಷ್ಯಾದಿಂದ ಬರುತ್ತಿದ್ದ ಡಾನ್ಸ್‌ಕಾಯ್ ಎಂಬ ಒರಟು, ಸಿಕ್ಕುಸಿಕ್ಕಾದ ಉಣ್ಣೆಯನ್ನು ಬ್ರಾಡ್‌ಫರ್ಡಿನ ನೂಲುಗಾರರು ಮುಟ್ಟಲು ಒಪ್ಪದಿದ್ದಾಗ, ಮಗ ತಾನೇ ಯಂತ್ರ ಹಾಕಿ ನೂತು ತೋರಿಸಿದ. ಯಾರಿಗೂ ಬೇಡವಾದ ಉಣ್ಣೆಯನ್ನು ಕೈಗೆತ್ತಿಕೊಳ್ಳುವ ಅಭ್ಯಾಸ ಅಲ್ಲಿಂದಲೇ ಶುರುವಾಯಿತು.

ಅಲ್ಪಾಕಾ ಎಂಬ ಪ್ರಾಣಿಯ ಉಣ್ಣೆಯನ್ನು ಸಾಲ್ಟ್ ಕಂಡುಹಿಡಿದ ಎಂಬ ಮಾತು ಎಲ್ಲೆಡೆ ಓಡಾಡುತ್ತದೆ. ಅದು ಪೂರ್ತಿ ನಿಜವಲ್ಲ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳ ಜನ ಅದನ್ನು ಸಾವಿರಾರು ವರ್ಷಗಳಿಂದ ನೇಯುತ್ತಿದ್ದರು, ಯಾರ್ಕ್‌ಷೈರ್‌ನಲ್ಲೂ ಒಬ್ಬಿಬ್ಬರು ಮೊದಲೇ ಕೈಹಾಕಿ ನೋಡಿದ್ದರು. 1830ರ ದಶಕದ ನಡುವೆ ಲಿವರ್‌ಪೂಲ್ ಬಂದರಿನ ಗೋದಾಮಿನಲ್ಲಿ ಕೊಳ್ಳುವವರಿಲ್ಲದೆ ಬಿದ್ದಿದ್ದ ಅಲ್ಪಾಕಾ ಮೂಟೆಗಳು ಸಾಲ್ಟ್ ಕಣ್ಣಿಗೆ ಬಿದ್ದವು. ಒಂದಿಷ್ಟು ಎಳೆಗಳನ್ನು ಒಯ್ದು, ತೊಳೆದು, ಬಾಚಿ, ಬೆರಳಲ್ಲಿ ಎಳೆದು ನೋಡಿದ. ಕುರಿಯ ಉಣ್ಣೆಗಿಂತ ಉದ್ದ, ರೇಷ್ಮೆಯಂಥ ಹೊಳಪು. ನಮ್ಮ ಕಂಬಳಿಯ ಕರಿ ಉಣ್ಣೆಯನ್ನು ಕೈಯಲ್ಲಿ ಹಿಡಿದು ಬಲ್ಲವರಿಗೆ ಈ ವ್ಯತ್ಯಾಸ ತಕ್ಷಣ ತಿಳಿಯುತ್ತದೆ: ಅದು ಚುಚ್ಚುತ್ತದೆ, ಇದು ಜಾರುತ್ತದೆ. ಜಾರುವುದೇ ತೊಡಕಾಗಿತ್ತು, ನೂಲು ನಿಲ್ಲುತ್ತಿರಲಿಲ್ಲ. ಸಾಲ್ಟ್‌ನ ನಿಜವಾದ ಸಾಧನೆ ಇರುವುದು ಇಲ್ಲಿ. ಅದಕ್ಕೆ ತಕ್ಕಂತೆ ಯಂತ್ರಗಳನ್ನು ತಿದ್ದಿ, ಹಾಸು ಎಳೆಗೆ ಹತ್ತಿಯ ನೂಲು, ಹೊಕ್ಕು ಎಳೆಗೆ ಅಲ್ಪಾಕಾ ಇಟ್ಟು ನೇಯಿಸಿದ. ಹೊಳಪು ಮೇಲೆ ಉಳಿಯಿತು, ಬಟ್ಟೆ ಹಗುರವಾಯಿತು, ಬೆಲೆಯೂ ಕೈಗೆಟುಕಿತು. ಇಂಗ್ಲೆಂಡಿನ ಹೆಂಗಸರ ಉಡುಪಿಗೆ ಅದೇ ಬಟ್ಟೆ ಬೇಕಾಯಿತು.

1852ರಲ್ಲಿ ಚಾರ್ಲ್ಸ್ ಡಿಕನ್ಸ್ ನಡೆಸುತ್ತಿದ್ದ ‘ಹೌಸ್‌ಹೋಲ್ಡ್ ವರ್ಡ್ಸ್’ ವಾರಪತ್ರಿಕೆ ಈ ಮೂಟೆಗಳ ಕಥೆಯನ್ನು ಬಣ್ಣ ಹಚ್ಚಿ ಅಚ್ಚುಹಾಕಿತು. ವಿಕ್ಟೋರಿಯಾ ರಾಣಿಯ ವಿಂಡ್ಸರ್ ಉದ್ಯಾನದಲ್ಲಿ ಎರಡು ಅಲ್ಪಾಕಾ ಇದ್ದವು. ಅವುಗಳ ಉಣ್ಣೆಯೂ 1844ರಲ್ಲಿ ಸಾಲ್ಟ್‌ನ ಗಿರಣಿಗೇ ಬಂದು ಬಟ್ಟೆಯಾಗಿ ಮರಳಿತು.

ಆ ಕಾಲದ ಬ್ರಾಡ್‌ಫರ್ಡ್ ಎಂಥ ಊರು ಗೊತ್ತೇ? 1801ರಲ್ಲಿ ಸುಮಾರು 13,000 ಜನ, 1851ರಲ್ಲಿ ಒಂದು ಲಕ್ಷ ದಾಟಿತ್ತು. ಚರಂಡಿಯೆಂಬುದೇ ಇಲ್ಲ, ಕುಡಿಯುವ ನೀರಿಗೆ ತತ್ವಾರ, ಎಲ್ಲ ಚಿಮಣಿಗಳಿಂದಲೂ ಕರಿಹೊಗೆ. ಅಲ್ಲಿ ಸಾಯುವವರ ಸರಾಸರಿ ವಯಸ್ಸು 18ರ ಆಸುಪಾಸು ಎಂದು ಅಂದಿನ ಲೆಕ್ಕಗಳು ಹೇಳುತ್ತವೆ. ಹುಟ್ಟಿದ ಕೂಸುಗಳು ಅಷ್ಟೊಂದು ಸಂಖ್ಯೆಯಲ್ಲಿ ಮಣ್ಣು ಸೇರುತ್ತಿದ್ದುದರಿಂದಲೇ ಸರಾಸರಿ ಅಷ್ಟು ಕೆಳಗಿಳಿಯಿತು. ಆ ಅಂಕಿಯನ್ನು ಓದಿದಾಗ ಎದೆ ಭಾರವಾಗುತ್ತದೆ.

ಸಾಲ್ಟ್ 1848ರಲ್ಲಿ ಆ ಊರಿನ ಮೇಯರ್ ಆದ. ಮರುವರ್ಷವೇ ಕಾಲರಾ ಬಂದು 400ಕ್ಕೂ ಹೆಚ್ಚು ಜನರನ್ನು ಹೊತ್ತೊಯ್ಯಿತು. ಹೊಗೆ ಕಡಿಮೆ ಮಾಡುವ ರಾಡ್ಡಾ ಒಲೆಯನ್ನು ತನ್ನ ಗಿರಣಿಗಳಿಗೆ ಜೋಡಿಸಿ, ಉಳಿದ ಮಾಲೀಕರೂ ಜೋಡಿಸಲಿ ಎಂದು ಒತ್ತಾಯಿಸಿದ. ಅವರು ಕಿವಿಗೊಡಲಿಲ್ಲ.

ಐವತ್ತಾದ ಮೇಲೆ ವ್ಯಾಪಾರ ಬಿಟ್ಟು ಹಳ್ಳಿಯಲ್ಲಿ ನೆಮ್ಮದಿಯಾಗಿರಬೇಕೆಂದು ಆತ ಯೋಚಿಸಿದ್ದ. ಆದರೆ ಐವತ್ತು ತುಂಬಿದ ದಿನವೇ, 1853ರ ಸೆಪ್ಟೆಂಬರ್ 20ರಂದು, ಏರ್ ನದಿಯ ದಡದಲ್ಲಿ ಹೊಸ ಗಿರಣಿಯ ಬಾಗಿಲು ತೆರೆದ. ಒಂದು ಪಕ್ಕ ಲೀಡ್ಸ್–ಲಿವರ್‌ಪೂಲ್ ಕಾಲುವೆ, ಇನ್ನೊಂದು ಪಕ್ಕ ರೈಲುಹಳಿ, ಸುತ್ತ ಹಸಿರು. ಗಿರಣಿಯ ಉದ್ದ 545 ಅಡಿ. ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್‌ನಷ್ಟೇ ಉದ್ದ ಎಂದು ಅಲ್ಲಿಯವರು ಹೆಮ್ಮೆಯಿಂದ ಹೇಳುತ್ತಾರೆ. ಅದರಲ್ಲಿ 1,200 ಮಗ್ಗ, ದಿನಕ್ಕೆ 30,000 ಗಜ ಬಟ್ಟೆ. ಅಂದರೆ ಬೆಳಗಿನಿಂದ ಸಂಜೆಯೊಳಗೆ 27 ಕಿಲೋಮೀಟರ್ ಉದ್ದದ ಬಟ್ಟೆ!

ಮೊದಲ ದಿನದ ಊಟ ನಡೆದದ್ದು ಉಣ್ಣೆ ಬಾಚುವ ಶೆಡ್‌ನಲ್ಲಿ. ಕಾರ್ಮಿಕರೂ ಸೇರಿ ಸುಮಾರು 3,500 ಅತಿಥಿಗಳು, ಅರ್ಧ ಟನ್ ಆಲೂಗಡ್ಡೆ. ಸಂಜೆ ಬ್ರಾಡ್‌ಫರ್ಡಿನ ಹೊಸ ಸೇಂಟ್ ಜಾರ್ಜ್ ಸಭಾಂಗಣದಲ್ಲಿ ಸಂಗೀತ.

ಆ ಕಾಲದ ನೇಯ್ಗೆ ಶೆಡ್ಡುಗಳಲ್ಲಿ ತಲೆಯ ಮೇಲೆ ತಿರುಗುವ ದಂಡಗಳು, ಪಟ್ಟಿಗಳು. ಸೆರಗು, ಕೂದಲು, ಕೈ ಏನು ಸಿಕ್ಕಿದರೂ ಎಳೆದುಕೊಳ್ಳುತ್ತಿದ್ದವು. ಸಾಲ್ಟ್ ಅವನ್ನು ನೆಲದ ಕೆಳಗೆ ಇಳಿಸಿದ. ಸದ್ದೂ ತಗ್ಗಿತು, ಅಪಾಯವೂ ತಗ್ಗಿತು. ನನ್ನ ಮಟ್ಟಿಗೆ ಆತ ಕಟ್ಟಿಸಿದ ಎಲ್ಲ ಗೋಪುರಗಳಿಗಿಂತ ಈ ನೆಲದಡಿಯ ಕೆಲಸವೇ ದೊಡ್ಡದು.

ಗೋಪುರಕ್ಕೂ ಕೊರತೆಯಿರಲಿಲ್ಲ. 1868ರ ಹೊಸ ಗಿರಣಿಯ ಚಿಮಣಿ ನೋಡಲು ವೆನಿಸ್‌ನ ಫ್ರಾರಿ ಚರ್ಚಿನ ಗಂಟೆಗೋಪುರದಂತಿದೆ.

ಗಿರಣಿಯ ಪಕ್ಕದಲ್ಲೇ 800ಕ್ಕೂ ಹೆಚ್ಚು ಕಲ್ಲಿನ ಮನೆಗಳು. ಮನೆಮನೆಗೂ ನೀರು, ಗ್ಯಾಸ್, ಹಿತ್ತಿಲಲ್ಲಿ ಸ್ವಂತ ಶೌಚಾಲಯ. ಬೀದಿಗೆ ಅಡ್ಡಲಾಗಿ ಹಗ್ಗ ಕಟ್ಟಿ ಬಟ್ಟೆ ಒಣಹಾಕುವುದು ಸಾಲ್ಟ್‌ಗೆ ಆಗಿಬರುತ್ತಿರಲಿಲ್ಲ. ಅದಕ್ಕೇ ಆವಿಯಂತ್ರದಿಂದ ಬಟ್ಟೆ ಒಗೆಯುವ ಸಾರ್ವಜನಿಕ ಮನೆ, ಜೊತೆಗೆ ಸ್ನಾನದ ಮನೆ ಕಟ್ಟಿಸಿದ.

ಊರಲ್ಲಿ ಚರ್ಚ್, ಶಾಲೆ, ಆಸ್ಪತ್ರೆ, ಗ್ರಂಥಾಲಯ, ಉದ್ಯಾನ ಎಲ್ಲ ಇತ್ತು. ಹೆಂಡದ ಅಂಗಡಿಗೆ ಮಾತ್ರ ಜಾಗವಿರಲಿಲ್ಲ. ಮನೆ ಕೊಟ್ಟವನೇ ಕೂಲಿ ಕೊಡುವವನೂ ಆದರೆ, ಕೆಲಸ ಹೋದ ದಿನ ಸೂರೂ ಹೋಗುವ ಭಯ ಕಾರ್ಮಿಕನ ಬೆನ್ನಿಗೇ ಇರುತ್ತದೆ. ಸಾಲ್ಟ್‌ನ ಒಳ್ಳೆಯತನವನ್ನು ಮನಸಾರೆ ಮೆಚ್ಚುತ್ತಲೇ ಇದನ್ನೂ ಹೇಳಬೇಕು. ಮಕ್ಕಳೂ ಅಂದಿನ ಕಾನೂನಿನಂತೆ ಅರ್ಧ ದಿನ ಶಾಲೆ, ಅರ್ಧ ದಿನ ಗಿರಣಿ ಎಂದು ದುಡಿಯುತ್ತಿದ್ದರು.

ಇನ್ನೊಂದು ಸಂಗತಿ ಕಡಿಮೆ ಜನಕ್ಕೆ ಗೊತ್ತು. ಅಲ್ಪಾಕಾ ಮತ್ತು ಮೊಹೇರ್ ಎಂಬ ಮೇಕೆ ಉಣ್ಣೆಯ ಮೂಟೆಗಳ ಜೊತೆ ಬ್ರಾಡ್‌ಫರ್ಡಿಗೆ ಒಂದು ಸಾವೂ ಬಂತು. ಮೂಟೆ ಬಿಚ್ಚಿ ಉಣ್ಣೆ ವಿಂಗಡಿಸುವವರು ಬೆಳಗ್ಗೆ ಕೆಲಸಕ್ಕೆ ಬಂದು, ಎದೆ ಬಿಗಿದು, ಎರಡು ಮೂರು ದಿನದಲ್ಲಿ ತೀರಿಕೊಳ್ಳುತ್ತಿದ್ದರು. ಜನ ಅದನ್ನು ಉಣ್ಣೆ ವಿಂಗಡಿಸುವವರ ರೋಗ ಎಂದೇ ಕರೆದರು. ಧೂಳಿನಲ್ಲಿದ್ದ ಆಂಥ್ರಾಕ್ಸ್ ರೋಗಾಣು ಅದಕ್ಕೆ ಕಾರಣವೆಂದು ಬ್ರಾಡ್‌ಫರ್ಡಿನ ವೈದ್ಯ ಜಾನ್ ಹೆನ್ರಿ ಬೆಲ್ ತೋರಿಸಿಕೊಟ್ಟದ್ದು 1880ರ ಹೊತ್ತಿಗೆ. ಅಷ್ಟರಲ್ಲಿ ಸಾಲ್ಟ್ ಬದುಕಿರಲಿಲ್ಲ.

ಸಾಲ್ಟ್ 1859ರಲ್ಲಿ ಬ್ರಾಡ್‌ಫರ್ಡಿನಿಂದ ಲಿಬರಲ್ ಸಂಸದನಾಗಿ ಗೆದ್ದ. ಮಿತಭಾಷಿ, ಸಂಕೋಚದ ಮನುಷ್ಯ. ಆರೋಗ್ಯವೂ ಕೈಕೊಟ್ಟು 1861ರಲ್ಲಿ ಸ್ಥಾನ ಬಿಟ್ಟುಕೊಟ್ಟ. 1867ರಲ್ಲಿ ಫ್ರಾನ್ಸಿನ ಲೀಜನ್ ಆಫ್ ಆನರ್, 1869ರಲ್ಲಿ ಬ್ಯಾರನೆಟ್ ಪದವಿ. ಆತನ ಕುಲಲಾಂಛನದ ಮೇಲೆ ನಿಂತಿರುವ ಪ್ರಾಣಿ ಸಿಂಹವಲ್ಲ, ಅಲ್ಪಾಕಾ.

1868ರಲ್ಲಿ ವಯಸ್ಸಾದವರಿಗಾಗಿ 45 ಪುಟ್ಟ ಮನೆಗಳನ್ನು ಕಟ್ಟಿಸಿದ. ಬಾಡಿಗೆಯಿಲ್ಲ. ಮೇಲೆ ವಾರಕ್ಕೆ ದಂಪತಿಗೆ 10 ಶಿಲಿಂಗ್, ಒಂಟಿಯವರಿಗೆ ಏಳೂವರೆ ಶಿಲಿಂಗ್ ಪಿಂಚಣಿ. ಬ್ರಿಟನ್ ಸರ್ಕಾರ ವೃದ್ಧಾಪ್ಯ ಪಿಂಚಣಿಯ ಕಾನೂನು ತಂದದ್ದು 1908ರಲ್ಲಿ. ಸರಿಯಾಗಿ 40 ವರ್ಷ ಆದಮೇಲೆ.

ಸಾಲ್ಟೇರ್‌ನ ಶಾಲೆ ಮತ್ತು ವಿಕ್ಟೋರಿಯಾ ಹಾಲ್ ಎದುರು ನಾಲ್ಕು ಕಲ್ಲಿನ ಸಿಂಹಗಳಿವೆ. ಶಿಲ್ಪಿ ಥಾಮಸ್ ಮಿಲ್ನ್ಸ್. ಯುದ್ಧ, ಶಾಂತಿ, ಎಚ್ಚರ, ದೃಢತೆ ಎಂದು ಅವುಗಳ ಹೆಸರು. ಲಂಡನ್ನಿನ ಟ್ರಫಾಲ್ಗರ್ ಚೌಕಕ್ಕೆಂದು ಯೋಚಿಸಿದ್ದ ಸಿಂಹಗಳಿವು ಎಂದು ಊರವರು ಹೇಳುತ್ತಾರೆ.

ಬದುಕಿರುವಾಗಲೇ ಊರಿನ ನಡುವೆ ತನ್ನ ಪ್ರತಿಮೆ ನೋಡಿದವರು ಎಷ್ಟು ಜನ? ಜನರ ಚಂದಾದಿಂದ 1874ರಲ್ಲಿ ಬ್ರಾಡ್‌ಫರ್ಡಿನ ಟೌನ್‌ಹಾಲ್ ಎದುರು ಸಾಲ್ಟ್ ಪ್ರತಿಮೆ ನಿಂತಿತು. ಗಾಡಿಗಳ ಓಡಾಟಕ್ಕೆ ಅಡ್ಡವಾಯಿತೆಂದು 1896ರಲ್ಲಿ ಅದನ್ನು ಲಿಸ್ಟರ್ ಪಾರ್ಕ್‌ಗೆ ಸಾಗಿಸಿದರು.

ಆತ ತೀರಿಕೊಂಡದ್ದು 1876ರ ಡಿಸೆಂಬರ್ 29ರಂದು. ಅಂತಿಮಯಾತ್ರೆಗೆ ರಸ್ತೆಯ ಇಕ್ಕೆಲದಲ್ಲಿ ಒಂದು ಲಕ್ಷ ಜನ ಸೇರಿದ್ದರೆಂಬುದು ಅಂದಿನ ಅಂದಾಜು. ತಾನೇ ಕಟ್ಟಿಸಿದ ಚರ್ಚಿನ ಪಕ್ಕದಲ್ಲಿ ಸಮಾಧಿ.

ಗಿರಣಿ 1986ರಲ್ಲಿ ನಿಂತಿತು. ಮರುವರ್ಷ ಜೊನಾಥನ್ ಸಿಲ್ವರ್ ಅದನ್ನು ಕೊಂಡು, ಅದೇ ಕಟ್ಟಡದಲ್ಲಿ ಬ್ರಾಡ್‌ಫರ್ಡಿನಲ್ಲೇ ಹುಟ್ಟಿದ ಕಲಾವಿದ ಡೇವಿಡ್ ಹಾಕ್ನಿಯ ಚಿತ್ರಗಳನ್ನು ತೂಗುಹಾಕಿದ. 2001ರಲ್ಲಿ ಇಡೀ ಊರು ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿ ಸೇರಿತು.

ಕೊನೆಗೆ ಬೀದಿಗಳ ಹೆಸರು. ಸಾಲ್ಟ್ ದಂಪತಿಗೆ 11 ಮಕ್ಕಳು. ಹೆಂಡತಿ ಕ್ಯಾರೋಲಿನ್ ಹೆಸರಿನ ಬೀದಿಯಿದೆ, ಮಕ್ಕಳಾದ ಏಡಾ, ಅಮೀಲಿಯಾ, ಫ್ಯಾನಿ, ಹೆಲೆನ್, ಹರ್ಬರ್ಟ್ ಹೆಸರಿನವೂ ಇವೆ. ವಿಟ್ಲಮ್ ಮತ್ತು ಮೇರಿ ಬೀದಿಗಳೂ ಇವೆ. ಆ ಇಬ್ಬರೂ ಎಳವೆಯಲ್ಲೇ ತೀರಿಕೊಂಡ ಕೂಸುಗಳು. ಅಂಚೆಯವನು ಇಂದಿಗೂ ಆ ಎರಡು ಹೆಸರು ಓದಿಕೊಂಡೇ ಅಲ್ಲಿನ ಮನೆಗಳಿಗೆ ಕಾಗದ ಹಂಚುತ್ತಾನೆ.