ಮನಸ್ಸು ನೊಂದವರ ಮಾತಿಗೂ ಬೆಲೆಯಿದೆ

‘ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು’ ಎಂಬ ಗಾದೆಯನ್ನು ಜನ ನಗುತ್ತಲೇ ಹೇಳುತ್ತಾರೆ. ಆದರೆ ಆ ಗಾದೆಯಲ್ಲಿ ‘ಹುಚ್ಚ’ನ ಅಭಿಪ್ರಾಯ ಕೇಳುವವರು ಯಾರೂ ಇಲ್ಲ. ಮದುವೆಯಾಗಲಿ, ಮದ್ದಾಗಲಿ, ಅವನ ಪರವಾಗಿ ಬೇರೆಯವರೇ ತೀರ್ಮಾನಿಸುತ್ತಾರೆ. ನಮ್ಮ ಕಾನೂನು ಕೂಡ ಬಹುಕಾಲ ಹೀಗೆಯೇ ಯೋಚಿಸಿತ್ತು.

ಬ್ರಿಟಿಷರು 1912ರಲ್ಲಿ ತಂದ ಕಾಯ್ದೆ ರೋಗಿಯನ್ನು ‘ಲ್ಯುನಾಟಿಕ್’ ಎಂದೇ ಕರೆಯಿತು. ಮ್ಯಾಜಿಸ್ಟ್ರೇಟರ ಆದೇಶದ ಮೇಲೆ ಅವನನ್ನು ಆಸ್ಪತ್ರೆಯ ಗೋಡೆಯೊಳಗೆ ಇರಿಸಬಹುದಿತ್ತು. ಅದರ ಜಾಗಕ್ಕೆ ಬಂದ 1987ರ ಮಾನಸಿಕ ಆರೋಗ್ಯ ಕಾಯ್ದೆ 1993ರ ಏಪ್ರಿಲ್‌ನಲ್ಲಿ ಜಾರಿಯಾಯಿತು. ಭಾಷೆ ಮೃದುವಾಯಿತು, ಮ್ಯಾಜಿಸ್ಟ್ರೇಟರ ಆದೇಶ ಮಾತ್ರ ಉಳಿಯಿತು. ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 2007ರಲ್ಲಿ ಒಪ್ಪಿಕೊಂಡ ಮೇಲೆ ಆ ಕಾಯ್ದೆಯೂ ಸಾಲದಾಯಿತು. ಹೀಗೆ ಬಂದದ್ದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. 2018ರ ಮೇ 29ರಿಂದ ಅದು ಜಾರಿಯಲ್ಲಿದೆ.

ಬೆಂಗಳೂರಿನ ಬಿಳೇಕಹಳ್ಳಿಯಂಥ ಕಡೆ ಈ ಕಾಯ್ದೆ ದೂರದ ಸಂಗತಿಯೇನಲ್ಲ. ಬನ್ನೇರುಘಟ್ಟ ರಸ್ತೆಯ ಈ ಬಡಾವಣೆಯಲ್ಲಿ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆಯಿದೆ. ಸುತ್ತಮುತ್ತ ಪರ ಊರುಗಳಿಂದ ಓದಲು, ದುಡಿಯಲು ಬಂದ ಹುಡುಗ ಹುಡುಗಿಯರ ಪಿ.ಜಿ.ಗಳಿವೆ. ಅದೇ ರಸ್ತೆಯಲ್ಲಿ ಡೇರಿ ವೃತ್ತದತ್ತ ಸಾಗಿದರೆ ನಿಮ್ಹಾನ್ಸ್ ಹತ್ತಿರವೇ. ‘ನಿಮ್ಹಾನ್ಸ್‌ಗೆ ಸೇರಿಸಬೇಕು ನಿನ್ನ’ ಎಂದು ಗೆಳೆಯರು ಕೀಟಲೆ ಮಾಡುವುದೂ ಇದೇ ಊರಿನಲ್ಲಿ. ಕೀಟಲೆಯ ಮಾತು ನಿಜವಾಗುವ ಹೊತ್ತಿಗೆ ಏನಾಗಬೇಕು ಎಂಬುದು ಮಕ್ಕಳಿಗೂ ಗೊತ್ತಿರುವುದಿಲ್ಲ, ಹೆತ್ತವರಿಗೂ ಗೊತ್ತಿರುವುದಿಲ್ಲ.

‘ಅವಳಿಗೇನು ಗೊತ್ತಾಗುತ್ತೆ?’

ಶಿರಸಿಯಿಂದ ಬಂದು ಬಿಳೇಕಹಳ್ಳಿಯ ಪಿ.ಜಿ.ಯಲ್ಲಿದ್ದು ಓದುತ್ತಿರುವ ಹತ್ತೊಂಬತ್ತು ವರ್ಷದ ವಿದ್ಯಾರ್ಥಿನಿಯೊಬ್ಬಳನ್ನು ಊಹಿಸಿಕೊಳ್ಳಿ. ತಿಂಗಳಿಂದ ನಿದ್ದೆಯಿಲ್ಲ, ಊಟ ಸೇರದು, ಕ್ಲಾಸಿಗೆ ಹೋಗುವುದು ನಿಂತಿದೆ. ವೈದ್ಯರು ಖಿನ್ನತೆ ಎನ್ನುತ್ತಾರೆ. ಮಾತ್ರೆ ನುಂಗಲು ಅವಳು ಸಿದ್ಧ, ಆಸ್ಪತ್ರೆಗೆ ಸೇರಲು ಒಲ್ಲಳು. ರಾತ್ರಿ ಬಸ್ಸಿಗೆ ಹೊರಟು ಬಂದ ಅಪ್ಪ, ‘ಅವಳಿಗೇನು ಗೊತ್ತಾಗುತ್ತೆ ಡಾಕ್ಟ್ರೇ? ಅಡ್ಮಿಟ್ ಮಾಡ್ಕೊಳ್ಳಿ, ನಾನು ಸೈನ್ ಹಾಕ್ತೀನಿ’ ಎನ್ನುತ್ತಾರೆ.

ಆ ಅಪ್ಪನ ಆತಂಕ ಸುಳ್ಳಲ್ಲ. ಆದರೆ ಅಪ್ಪನ ಸಹಿಗಿಂತ ಮೊದಲು ಕಾಯ್ದೆ ಕೇಳುವುದು ಅಪ್ಪನದೇ ಪ್ರಶ್ನೆಯನ್ನು: ಅವಳಿಗೆ ಗೊತ್ತಾಗುತ್ತದೆಯೇ?

ಕಾಯ್ದೆಯ 4ನೇ ಸೆಕ್ಷನ್ ಮೂರು ಸಂಗತಿಗಳನ್ನು ಹೇಳುತ್ತದೆ. ಚಿಕಿತ್ಸೆಯ ಬಗ್ಗೆ ಕೊಟ್ಟ ಮಾಹಿತಿ ಆಕೆಗೆ ಅರ್ಥವಾಗುವುದು. ಒಪ್ಪಿದರೆ ಅಥವಾ ಒಪ್ಪದಿದ್ದರೆ ಏನಾದೀತು ಎಂದು ಊಹಿಸಬಲ್ಲವಳಾಗಿರುವುದು. ತನ್ನ ನಿರ್ಧಾರವನ್ನು ಮಾತಿನಿಂದಲೋ, ಸನ್ನೆಯಿಂದಲೋ ತಿಳಿಸಬಲ್ಲವಳಾಗಿರುವುದು. ಇವುಗಳ ನಡುವೆ ಕಾಯ್ದೆ ಬಳಸಿರುವ ಪದ ‘ಅಥವಾ’. ಮಾಹಿತಿಯನ್ನು ಆಕೆಗೆ ತಿಳಿಯುವ ಸರಳ ಭಾಷೆಯಲ್ಲಿ ಕೊಡುವುದು ವೈದ್ಯರ ಹೊಣೆ. ಇತರರ ಕಣ್ಣಿಗೆ ನಿರ್ಧಾರ ತಪ್ಪಾಗಿ ಕಂಡಿತೆಂಬ ಒಂದೇ ಕಾರಣಕ್ಕೆ ಆಕೆಗೆ ಸಾಮರ್ಥ್ಯವಿಲ್ಲ ಎನ್ನುವಂತಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2005ರ ಕಾಯ್ದೆಯಲ್ಲೂ ಇದೇ ತತ್ವವಿದೆ.

ಹಾಗೆಯೇ, ಹಿಂದೆ ಎಂದೋ ಮನೋವೈದ್ಯರ ಬಳಿ ಹೋಗಿದ್ದಳು ಎಂಬುದಷ್ಟೇ ಇಂದೂ ಕಾಯಿಲೆಯಿದೆ ಎನ್ನಲು ಆಧಾರವಾಗದು. ಕಾಯಿಲೆ ಇದ್ದ ಮಾತ್ರಕ್ಕೆ ‘ಬುದ್ಧಿ ಸ್ಥಿಮಿತದಲ್ಲಿಲ್ಲದವಳು’ ಎಂದೂ ಆಗುವುದಿಲ್ಲ. ಹಾಗೆ ಘೋಷಿಸುವ ಅಧಿಕಾರ ನ್ಯಾಯಾಲಯದ್ದು.

ಹೆತ್ತವರ ಪಾತ್ರವೇನು?

ಹಾಗಾದರೆ ಮಗಳು ಅಪಾಯದ ಅಂಚಿಗೆ ಬಂದರೂ ಕೈಕಟ್ಟಿ ಕೂರಬೇಕೇ? ಖಂಡಿತ ಇಲ್ಲ. ತನಗೆ ತಾನೇ ಹಾನಿ ಮಾಡಿಕೊಳ್ಳುವ ಬೆದರಿಕೆ, ಇತರರ ಮೇಲೆ ಹಿಂಸೆ, ತನ್ನನ್ನು ತಾನು ನೋಡಿಕೊಳ್ಳಲಾಗದ ಸ್ಥಿತಿ ಇದ್ದು, ನಿರ್ಧರಿಸಲು ಹೆಚ್ಚಿನ ಆಸರೆ ಬೇಕಾದಾಗ, ಪ್ರತಿನಿಧಿಯ ಅರ್ಜಿಯ ಮೇಲೆ ದಾಖಲಿಸಿಕೊಳ್ಳಬಹುದು. ಅದಕ್ಕೆ ಮನೋವೈದ್ಯರೊಬ್ಬರು ಸೇರಿ ಇಬ್ಬರು ಪ್ರತ್ಯೇಕವಾಗಿ ಪರೀಕ್ಷಿಸಿರಬೇಕು. ಈ ದಾಖಲಾತಿ ಮೊದಲಿಗೆ ಹೆಚ್ಚೆಂದರೆ 30 ದಿನ. ರೋಗಿ ಮಹಿಳೆಯಾದರೆ ಮೂರು ದಿನದೊಳಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸಬೇಕು. ಒಪ್ಪಿಗೆ ಕೊಡುವ ಸಾಮರ್ಥ್ಯ ಮರಳಿತೇ ಎಂದು ಏಳು ದಿನಕ್ಕೊಮ್ಮೆ ನೋಡಬೇಕು. ಇಂದು ಸಾಮರ್ಥ್ಯವಿಲ್ಲ ಎಂದರೆ ಮುಂದೆಂದೂ ಇಲ್ಲ ಎಂದಲ್ಲ.

ಈ ‘ಪ್ರತಿನಿಧಿ’ ಯಾರು? ಹದಿನೆಂಟು ತುಂಬಿದವರು ಯಾರನ್ನು ಬೇಕಾದರೂ, ಅವರ ಒಪ್ಪಿಗೆ ಪಡೆದು, ಬಿಳಿ ಹಾಳೆಯ ಮೇಲೆ ಬರೆದು ಸಹಿ ಹಾಕಿ ನೇಮಿಸಬಹುದು. ಅಮ್ಮ, ಸೋದರಮಾವ, ಕಾಲೇಜಿನ ಗೆಳತಿ, ಯಾರಾದರೂ ಸರಿ. ನೇಮಿಸದಿದ್ದರೆ ಬಂಧುಗಳಿಗೆ ಆ ಸ್ಥಾನ ಸಿಗುತ್ತದೆ. ಚಿಕಿತ್ಸೆಯ ವಿವರ ಗುಟ್ಟಾಗಿರಬೇಕೆಂಬುದು ರೋಗಿಯ ಹಕ್ಕು. ಪ್ರತಿನಿಧಿಗೆ ಅವರ ಕರ್ತವ್ಯಕ್ಕೆ ಬೇಕಾದಷ್ಟನ್ನು ವೈದ್ಯರು ತಿಳಿಸಬಹುದು, ಜೀವಕ್ಕೆ ಅಪಾಯವಿದ್ದಾಗಲೂ ಹೇಳಬಹುದು. ಆದರೆ ಅಧ್ಯಾಪಕರಾಗಲಿ, ಪಿ.ಜಿ. ಮಾಲೀಕರಾಗಲಿ ಕೇಳಿದರೆಂದು ಹೇಳುವಂತಿಲ್ಲ.

ಮುಂದೆಂದಾದರೂ ಮನಸ್ಸು ಹದಗೆಟ್ಟರೆ ತನಗೆ ಯಾವ ರೀತಿಯ ಆರೈಕೆ ಬೇಕು, ಯಾವುದು ಬೇಡ ಎಂದು ನೆಟ್ಟಗಿರುವಾಗಲೇ ಬರೆದಿಡುವ ‘ಮುಂಗಡ ನಿರ್ದೇಶನ’ಕ್ಕೂ ಅವಕಾಶವಿದೆ. ತುರ್ತು ಚಿಕಿತ್ಸೆಗೆ ಮಾತ್ರ ಅದು ಅನ್ವಯಿಸುವುದಿಲ್ಲ.

ಹದಿನೆಂಟರ ಒಳಗಿನವರ ವಿಷಯ ಬೇರೆ. ಅವರ ಪ್ರತಿನಿಧಿ ತಂದೆ ತಾಯಿ ಅಥವಾ ಕಾನೂನುಬದ್ಧ ಪಾಲಕರೇ. ಆಸ್ಪತ್ರೆಯಲ್ಲಿ ಅವರನ್ನು ದೊಡ್ಡವರಿಂದ ಬೇರೆಯಾಗಿ ಇರಿಸಬೇಕು. ಪ್ರತಿನಿಧಿಯೋ, ಅವರು ನೇಮಿಸಿದವರೋ ಸದಾ ಜೊತೆಗಿರಬೇಕು. 72 ಗಂಟೆಯೊಳಗೆ ಮಂಡಳಿಗೆ ತಿಳಿಸಬೇಕು. ಇನ್ನು, ಯಾವ ವಯಸ್ಸಿನವರನ್ನೇ ಆಗಲಿ ಸರಪಳಿಯಲ್ಲಿ ಕಟ್ಟುವುದು ಪೂರ್ಣ ನಿಷಿದ್ಧ. 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ ರೋಗಿಗಳು ಓಡಲಾಗದೆ ಸತ್ತದ್ದನ್ನು ದೇಶ ಕಂಡಿದೆ.

ಅಪರಾಧವಲ್ಲ, ಸಂಕಟ

ಆತ್ಮಹತ್ಯೆಗೆ ಯತ್ನಿಸಿದವರನ್ನು ಹಿಂದೆ ಭಾರತೀಯ ದಂಡಸಂಹಿತೆಯ 309ನೇ ಸೆಕ್ಷನ್ ಅಪರಾಧಿಯೆನ್ನುತ್ತಿತ್ತು. ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು, ಸರ್ಕಾರ ಆರೈಕೆ ಕೊಡಬೇಕು ಎಂದಿತು 2017ರ ಕಾಯ್ದೆ. 2024ರ ಜುಲೈ 1ರಂದು ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309 ಇಲ್ಲ. ಸರ್ಕಾರಿ ನೌಕರರ ಮೇಲೆ ಒತ್ತಡ ತರಲು ಮಾಡುವ ಯತ್ನವಷ್ಟೇ ಈಗ ಅಪರಾಧ. ಪೊಲೀಸ್ ಕೇಸಿಗೆ ಹೆದರಿ ಆಸ್ಪತ್ರೆಗೆ ಹೋಗಲು ತಡಮಾಡುವ ಕಾರಣವೇ ಉಳಿದಿಲ್ಲ.

2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ವಿಶಾಖಪಟ್ಟಣದಲ್ಲಿ ನೀಟ್ ತರಬೇತಿಯಲ್ಲಿದ್ದ ಹದಿನೇಳರ ವಿದ್ಯಾರ್ಥಿನಿಯ ಸಾವಿನ ಪ್ರಕರಣದಲ್ಲಿ ತೀರ್ಪು ಕೊಡುತ್ತ, ಮಾನಸಿಕ ಆರೋಗ್ಯವು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಹೇಳಿತು. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ತರಬೇತಾದ ಆಪ್ತಸಮಾಲೋಚಕರೊಬ್ಬರಾದರೂ ಇರಬೇಕು. ಅಂಕ ನೋಡಿ ಬ್ಯಾಚ್ ವಿಂಗಡಿಸುವುದು, ನಾಲ್ಕು ಜನರೆದುರು ಅವಮಾನಿಸುವುದು ಕೂಡದು. ಸಹಾಯವಾಣಿಯ ಸಂಖ್ಯೆ ಹಾಸ್ಟೆಲು, ತರಗತಿಗಳಲ್ಲಿ ದೊಡ್ಡ ಅಕ್ಷರಗಳಲ್ಲಿ ಕಾಣಬೇಕು ಎಂದು ಮಾರ್ಗಸೂಚಿ ಹೊರಡಿಸಿತು.

ಕಾಗದದ ಮೇಲಿನ ಹಕ್ಕು ಕೈಗೆಟುಕಲು ವೈದ್ಯರೂ ಬೇಕು. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡುಬಂದಿತ್ತು. ಚಿಕಿತ್ಸೆ ಸಿಗದವರೇ ಬಹುಪಾಲು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ ಈ ಕೊರತೆಯನ್ನು ಸ್ವಲ್ಪ ನೀಗುತ್ತಿದೆ. ಸಂಖ್ಯೆ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಮಗನನ್ನೋ ಮಗಳನ್ನೋ ಕಾಲೇಜಿಗೆ ಸೇರಿಸುವಾಗ ಊಟ ಹೇಗೆ, ನೀರು ಬರುತ್ತದೆಯೇ, ಬಸ್ಸು ಎಷ್ಟು ದೂರ ಎಂದು ಹೆತ್ತವರು ವಿಚಾರಿಸುತ್ತಾರೆ. ಅವುಗಳ ಜೊತೆಗೆ ಇಲ್ಲಿ ಆಪ್ತಸಮಾಲೋಚಕರು ಯಾರು, ಯಾವ ದಿನ ಸಿಗುತ್ತಾರೆ ಎಂದೂ ಕೇಳುವುದು ಒಳ್ಳೆಯದು. ಊರಿಗೆ ಮರಳುವ ಮುನ್ನ ಮಗುವಿಗೂ ಒಂದು ಪ್ರಶ್ನೆ ಇರಲಿ: ‘ನಿನಗೆ ಕಷ್ಟ ಬಂದರೆ ಯಾರನ್ನು ಕರೆಯಲಿ?’ ಬಂದ ಉತ್ತರ ಅಪ್ಪ ಅಮ್ಮನ ಹೆಸರಾಗಿರದಿದ್ದರೂ ಬರೆದಿಟ್ಟುಕೊಳ್ಳುವುದು ಲೇಸು.