ಉಪಪದಕ್ಕೂ ಮೊದಲು ಎಣಿಕೆ: ಇಂಗ್ಲಿಷ್ ನಾಮಪದಗಳು ಮತ್ತು ಮೇಗುಂದದ ಕನ್ನಡ

ಕನ್ನಡದಲ್ಲಿ ಉಪಪದಗಳಿಲ್ಲ, ಆದಕಾರಣ ಕನ್ನಡಿಗರು ಇಂಗ್ಲಿಷಿನ ‘ಎ’, ‘ಆ್ಯನ್’, ‘ದಿ’ಗಳಲ್ಲಿ ಎಡವುತ್ತಾರೆ ಎಂಬ ವಿವರಣೆ ಬೋಧನೆಯಲ್ಲಿ ರೂಢವಾಗಿದೆ. ಇದು ಅರ್ಧ ಮಾತ್ರ ಸರಿ ಎಂಬುದು ನಮ್ಮ ನಿಲುವು. ನಿರ್ದಿಷ್ಟತೆಯನ್ನು ಸೂಚಿಸುವ ಸಾಧನಗಳು ಕನ್ನಡಕ್ಕಿವೆ. ‘ಅಡಿಕೆ ಸುಲಿದರು’ ಎಂಬಲ್ಲಿ ಯಾವ ಅಡಿಕೆ ಎಂಬ ಪ್ರಶ್ನೆ ಏಳದು. ‘ಅಡಿಕೆಯನ್ನು ಸುಲಿದರು’ ಎಂದಾಗ ಗೊತ್ತಾದ ಅಡಿಕೆಯ ಮಾತು. ದ್ವಿತೀಯಾ ಪ್ರತ್ಯಯ ಐಚ್ಛಿಕವಾಗಿರುವಲ್ಲಿ ನಿರ್ದಿಷ್ಟತೆಯನ್ನು ಹೊರುತ್ತದೆಂದು ಜೆಫ್ರಿ ಲಿಡ್ಜ್ 2006ರಲ್ಲಿ ವಾದಿಸಿದ್ದಾರೆ.

ತೊಡಕಿರುವುದು ಎಣಿಕೆಯಲ್ಲಿ. ಇಂಗ್ಲಿಷಿನಲ್ಲಿ ಏಕವಚನದ ಎಣಿಕೆವಾಚಕವು ಸಾಮಾನ್ಯವಾಗಿ ಬರಿದಾಗಿ ನಿಲ್ಲದು. ದ್ರವ್ಯವಾಚಕವು ನಿಲ್ಲುತ್ತದೆ, ಆದರೆ ‘ಎ’ಯನ್ನು ಒಲ್ಲದು. ‘ದಿ’ಗೆ ಈ ಭೇದದ ಹಂಗಿಲ್ಲ. ಕನ್ನಡದ ಮಾನವೇತರ ನಾಮಪದಗಳಾದರೋ ಸಂಖ್ಯೆಯೊಡನೆ ಬಹುವಚನ ಪ್ರತ್ಯಯವನ್ನು ಕಡ್ಡಾಯವಾಗಿ ಬೇಡುವುದಿಲ್ಲ. ‘ಹತ್ತು ಅಡಿಕೆ’, ‘ಹತ್ತು ಮೂಟೆ ಅಡಿಕೆ’: ಬಿಡಿಯಾದರೂ ರಾಶಿಯಾದರೂ ಪದರೂಪ ಒಂದೇ. ವರ್ಗ ಯಾವುದೆಂಬ ಸುಳಿವನ್ನು ರೂಪವು ಕಲಿಯುವವರಿಗೆ ಕೊಡುವುದಿಲ್ಲ.

ಮೇಗುಂದ ಸೀಮೆಯಲ್ಲಿ ಮಳೆಯನ್ನೇ ನೋಡಬಹುದು. ಮಲೆನಾಡಿಗರು ಮಳೆಯನ್ನು ಎಣಿಸುತ್ತಾರೆ. ನಕ್ಷತ್ರಕ್ಕೊಂದು ಹೆಸರಿಟ್ಟು ಆರಿದ್ರೆ, ಪುನರ್ವಸು, ಪುಷ್ಯ ಎನ್ನುತ್ತಾರೆ. ‘ಒಂದು ಮಳೆ ಬಿದ್ದರೆ ಕಾಫಿ ಹೂ ಬಿಡುತ್ತದೆ’ ಎಂಬ ವಾಕ್ಯ ಇಲ್ಲಿ ಸಹಜ. ಇಂಗ್ಲಿಷಿನ ‘ರೇನ್’ ಪ್ರಾಯಶಃ ದ್ರವ್ಯವಾಚಕ. ‘ಎ ಹೆವಿ ರೇನ್’ ಎಂದು ವಿಶೇಷಣ ಸೇರಿದಾಗ ಅದು ‘ಎ’ಯನ್ನು ಸಲೀಸಾಗಿ ಒಪ್ಪುತ್ತದೆ, ‘ದಿ ರೇನ್ಸ್’ ಎಂದರೆ ಮಳೆಗಾಲವೇ ಆಗಿಬಿಡುತ್ತದೆ. ಬಿಡಿ ಮಳೆಯನ್ನು ಎಣಿಸಲು ‘ಶವರ್’ ಬೇಕು. ಕಾಫಿ ಬೆಳೆಗಾರರ ಇಂಗ್ಲಿಷಿನಲ್ಲಿ ಹೂಮಳೆಯು ‘ಬ್ಲಾಸಮ್ ಶವರ್ಸ್’ ಆಗಿರುವುದನ್ನು ಗಮನಿಸಬೇಕು.

ಕಾಳುಮೆಣಸಿನ ಸಂಗತಿ ಇನ್ನೂ ಸೂಕ್ಷ್ಮ. ಬರಿದಾದ ‘ಪೆಪರ್’ ನಮ್ಮ ತೋಟದ ಮೆಣಸು. ‘ಎ ಪೆಪರ್’ ಎಂದೊಡನೆ ಅದು ದೊಣ್ಣೆಮೆಣಸಿನಂಥ ತರಕಾರಿ. ಒಂದು ಕಾಳಿಗೆ ‘ಪೆಪರ್‌ಕಾರ್ನ್’ ಎಂಬ ಬೇರೆ ಪದವೇ ಇದೆ. ಇಲ್ಲಿ ಉಪಪದ ತಪ್ಪಿದರೆ ಬೆಳೆಯೇ ಬದಲಾಗುತ್ತದೆ!

‘ಸಲಹೆಗಳು’, ‘ಮಾಹಿತಿಗಳು’, ‘ಪೀಠೋಪಕರಣಗಳು’ ಕನ್ನಡದಲ್ಲಿ ನಿರಾತಂಕ. ‘ಆ್ಯನ್ ಅಡ್ವೈಸ್’, ‘ಎ ಫರ್ನಿಚರ್’ ಎಂದು ಬರೆಯುವ ವಿದ್ಯಾರ್ಥಿ ಉಪಪದವನ್ನು ಮರೆತವನಲ್ಲ, ಎಣಿಕೆಯ ನಿಯಮಕ್ಕೆ ನಿಷ್ಠನಾಗಿಯೇ ಬಳಸಿದವನು. ಅವನು ಎಣಿಸಿದ್ದು ಕನ್ನಡದ ನಾಮಪದವನ್ನು. ಅಂಥ ವಾಕ್ಯದಲ್ಲಿ ‘ಎ’ಯನ್ನಷ್ಟೇ ಹೊಡೆದುಹಾಕುವ ಕೆಂಪು ಶಾಯಿ ಅವನಿಗೆ ಏನನ್ನೂ ಕಲಿಸದು. ‘ಎ ಪೀಸ್ ಆಫ್’ ಎಂಬ ಅಳತೆಪದವನ್ನು ‘ಹತ್ತು ಮೂಟೆ ಅಡಿಕೆ’ಯ ‘ಮೂಟೆ’ಯ ಪಕ್ಕದಲ್ಲಿಟ್ಟು ತೋರಿಸಿದರೆ, ಆ ರಚನೆ ಅವನಿಗೆ ಮನೆಯಂಗಳದಲ್ಲೇ ಪರಿಚಿತ.